ಕ್ಯಾನ್ ಕೂರದ ಗಾಡಿ

ಕೆಂಪು ದೀಪ ಮಿಣುಕುತ್ತಿದೆ, ರೈಲ್ವೆ ಗೇಟು ಬಿದ್ದಾಯಿತು, ಮುಂದಿನ ಚಕ್ರಕ್ಕೂ ಆ ಗೇಟಿನ ಕಂಬಿಗೂ ನಡುವೆ ಒಂದು ಮೊಳವೂ ಇಲ್ಲ, ಅರ್ಧ ನಿಮಿಷ ಮೊದಲು ಬಂದಿದ್ದರೆ ದಾಟಿಬಿಡುತ್ತಿದ್ದೆ — ಥತ್, ನನ್ನ ಹಣೆಬರಹವೇ ಇಷ್ಟು, ಇಂಜಿನ್ನಿನ ಫ್ಯಾನು ಬುಸ್ಸೆಂದು ತಿರುಗಿ ಬಿಸಿಗಾಳಿ ಮೊಣಕಾಲಿಗೆ ಹೊಡೆಯುತ್ತಿದೆ, ಹಾಲು ಕಾಯಿಸುವ ಒಲೆಯ ಮುಂದೆ ಕೂತ ಹಾಗೆ, ನೋಡು, ಮತ್ತೆ ಹಾಲೇ ಬಂತು ಬಾಯಿಗೆ, ಒಂದು ಸಲವಾದರೂ ಹಾಲು ಬಿಟ್ಟು ಬೇರೆ ಯೋಚನೆ ಮಾಡೋ ಸುಬ್ರಮಣಿ. ಷೋರೂಮಿನ ಅಂಬರೀಶ್ ಹೇಳಿದ್ದ, ಅಣ್ಣಾ ಟೆಸ್ಟ್ ರೈಡು ಅತ್ತೇ ನಿಮಿಷ, ಎತ್ಲಾಗ್ ಬೇಕಾದ್ರೂ ಓಗ್ಬನ್ನಿ, ಕೋಲಾರದ ಕಡೆ ರೋಡು ಸೂಪರಾಗೈತೆ — ಬಂಗಾರಪೇಟೆಯಿಂದ ನಾಲ್ಕು ದಿಕ್ಕಿಗೆ ನಾಲ್ಕು ರಸ್ತೆ, ನನ್ನ ಕೈ ಮಾತ್ರ ತಾನಾಗಿ ಬೂದಿಕೋಟೆಯ ಕಡೆಗೇ ತಿರುಗಿಸಿತು, ಮನೆಯ ಕಡೆಗೆ, ಹಗ್ಗ ಬಿಚ್ಚಿದರೂ ಕೊಟ್ಟಿಗೆಗೇ ನಡೆಯುವ ಹಸುವಿನ ಹಾಗೆ. ವಾಪಸ್ಸು ಹೋದ ಮೇಲೆ ಅವನಿಗೆ ಒಂದು ಮಾತು ಹೇಳಬೇಕು, ಈ ಕೆಂಪು ಬೈಕೋ ಆ ನೀಲಿಯದೋ, ಇವತ್ತೇ. ಹಿಂದೆ ಶ್ಯಾಮಲ, ನನ್ನ ಹೆಂಡತಿ, ಎರಡೂ ಕೈಯಲ್ಲಿ ನನ್ನ ಭುಜ ಹಿಡಿದು ಕೂತಿದ್ದಾಳೆ, ಅಯ್ಯೋ ಕಡವುಳೇ, ಇದೇನ್ರೀ ಸೀಟು, ಮಾಳಿಗೆ ಮೇಲೆ ಕೂತಂಗೈತೆ, ತಿರುಗ್ಸಿ, ಐದಕ್ಕೆ ಚುಕ್ಕಿ ಆಲು ಕರೀಬೇಕು — ಗೊತ್ತು ಕಣೆ, ಐದಕ್ಕೆ ಚುಕ್ಕಿ, ಈಗ ನಾಲ್ಕೂ ಕಾಲು, ತಿರುಗಿಸುವುದಾದರೂ ಹೇಗೆ, ಎಡಕ್ಕೆ ಹುಲ್ಲಿನ ಟ್ರ್ಯಾಕ್ಟರು, ಬಲಕ್ಕೆ ಎರಡು ಆಟೋ, ಬೆನ್ನಿಗೆ ಬಸ್ಸಿನ ಮೂತಿ.

ಎರಡು ವರ್ಷ ಹುಡುಕಿದ್ದೇನೆ ಇದನ್ನು, ಗೋದಲಿಯ ಅಂಚಿಗೆ ಮೊಬೈಲು ಆನಿಸಿ, ಎರಡೂ ಕೈಯಲ್ಲಿ ಹಾಲು ಕರೆಯುತ್ತಾ, ಯಾರ್ಯಾರೋ ಹುಡುಗರು ಘಾಟಿ ಹತ್ತಿಸುವ ವಿಡಿಯೋ ನೋಡಿ ನೋಡಿ — ನೂರೈವತ್ತು ಸಿಸಿಯದು ದೂರಕ್ಕೆ ಸಾಲದು, ಸಾವಿರದ್ದು ನಮ್ಮ ರಸ್ತೆಗೆ ಭಾರ, ನಡುವಿನದು ಬೇಕು, ಐನೂರರ ಆಸುಪಾಸು, ಜೋಡಿ ಸಿಲಿಂಡರು, ಎದೆಗೆ ಗಾಳಿ ತಡೆಯುವ ಗಾಜು, ರೇಸಿನ ಗಾಡಿಯಂತೆ ಬೆನ್ನು ಬಗ್ಗಿಸಬಾರದು, ದಿನವಿಡೀ ಓಡಿಸಿದರೂ ಸೊಂಟ ಉಳಿಯಬೇಕು, ಒಂದು ಟ್ಯಾಂಕಿಗೆ ಮುನ್ನೂರೈವತ್ತು ಕಿಲೋಮೀಟರು ಹೋಗಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಊರವರು ಆಡಿಕೊಳ್ಳಲಿ, ನನಗೇನು. ಕೊನೆಗೆ ಎರಡು ಉಳಿದವು. ನೀಲಿಯದು ಇನ್ನೂ ಸುಖ ಎನ್ನುತ್ತಾರೆ ಎಲ್ಲರೂ, ಆದರೆ ನನಗೆ ಕೆಂಪೇ ಬೇಕು, ಯಾಕೆಂದರೆ ಇದರ ಮೈಗೆ ಏನನ್ನೂ ತೂಗುಹಾಕಲು ಬರುವುದಿಲ್ಲ, ಎಲ್ಲ ನುಣ್ಣಗೆ, ಒಂದು ಕೊಕ್ಕೆಗೂ ಜಾಗವಿಲ್ಲ. ಹದಿನಾಲ್ಕು ವರ್ಷ ಹಳೇ ಗಾಡಿಯ ಎರಡೂ ಪಕ್ಕಕ್ಕೆ ಕ್ಯಾನು ಕಟ್ಟಿ ಉರಿಗಾಂ ಗಣಿ ಲೈನಿನ ಮನೆಗಳಿಗೆ, ಆಂಡರ್ಸನ್‌ಪೇಟೆಯ ಹೋಟೆಲಿಗೆ ಬೆಳಗಿನ ಹಾಲು ಹಾಕಿದ್ದೇನೆ, ಶ್ಯಾಮಲ ಸಿಕ್ಕಿದ್ದೂ ಅಲ್ಲೇ, ಬಾಗಿಲಲ್ಲಿ ಪಾತ್ರೆ ಹಿಡಿದು, ತಮಿಳು ಬೆರೆತ ಕನ್ನಡದಲ್ಲಿ, ಪಾಲ್ಕಾರರೇ, ಇವತ್ತಾದ್ರೂ ನೀರ್ ಕಮ್ಮಿ ಆಕಿ, ಆ ನಗುವಿಗೆ ಬಿದ್ದವನು ನಾನು. ಈ ಗಾಡಿ ಮೇಲೆ ಕೂತವನನ್ನು ನೋಡಿ ಯಾರೂ ಹಾಲಿನವನು ಅನ್ನಬಾರದು. ಸಮುದ್ರ ನೋಡಬೇಕು, ಮೂವತ್ತೊಂಬತ್ತಾಯಿತು, ಇನ್ನೂ ನೋಡಿಲ್ಲ, ಒಂದೇ ಒಂದು ರಾತ್ರಿ ಅಲ್ಲಿ ಮಲಗಿ ಎದ್ದು ಬರಬೇಕು. ಅಂಬರೀಶನೇ ಕೆಡಿಸಿದ, ಅಕ್ಕಾ, ನೀಲಿದಕ್ಕೆ ಸೈಡ್ ಬಾಕ್ಸ್ ಕ್ಲಾಂಪು ಕಂಪ್ನಿಯಿಂದ್ಲೇ ಬತ್ತೈತೆ, ಒಂದೊಂದ್ ಕಡೆ ಅತ್ತತ್ತು ಕೇಜಿ ತಡ್ಕಂತದೆ — ಶ್ಯಾಮಲಳ ಕಣ್ಣು ಅರಳಿತು, ಅಂಗಾದ್ರೆ ಕ್ಯಾನ್ ಕೂತ್ಕಂತದಾ? ಆರಾಮಾಗ್ ಕೂತ್ಕಂತದಕ್ಕಾ. ಇಬ್ಬರೂ ನನ್ನ ಮುಖ ನೋಡಿದರು. ನಾನು ಕೆಂಪಿನ ಕೀ ಕೊಡಪ್ಪ ಅಂದೆ.

ರೈಲಿನ ಸುಳಿವಿಲ್ಲ. ಚುಕ್ಕಿ ಈಗ ಎದ್ದು ನಿಂತಿರುತ್ತಾಳೆ, ಸೀಮೆಹಸು, ಒಂಬತ್ತು ವರ್ಷದವಳು, ಕತ್ತು ದಾರಿಯ ಕಡೆಗೆ, ಕೆಚ್ಚಲು ಬಿಗಿದು ತೊಟ್ಟಿನ ತುದಿಯಲ್ಲಿ ಒಂದು ಹನಿ, ಬೀಳದೆ, ಅಲ್ಲೇ ನಿಂತು. ಉಳಿದ ಎರಡು ಹಸು ಯಾರ ಕೈಗಾದರೂ ಹಾಲು ಇಳಿಸುತ್ತವೆ, ಇವಳು ನನ್ನ ಕೈಗೆ ಮಾತ್ರ. ತಂಗಿ ಕಲ್ಪನಳ ಮದುವೆ ತಿರುಪತಿಯಲ್ಲಿ, ಬೆಳಗಿನ ಜಾವ ಮುಹೂರ್ತ, ನಾನು ಹಿಂದಿನ ದಿನ ಹೋದೆ, ನನ್ನ ಬೆವರಿನ ಅಂಗಿಯನ್ನು ಶ್ಯಾಮಲಳಿಗೆ ಬಿಟ್ಟು, ಇದನ್ನ ಆಕ್ಕೊಂಡು ಕೂತ್ಕೋ, ವಾಸನೆಗೆ ಮೋಸ ಓಗ್ತಾಳೆ ಅಂತ. ಹಾಕಿಕೊಂಡು ಕೂತಳು ಪಾಪ, ತಲೆಗೆ ನನ್ನ ಟವೆಲನ್ನೂ ಸುತ್ತಿ, ಚುಕ್ಕಿ ಮೂಸಿದಳು, ನೆಕ್ಕಿದಳು, ಆಮೇಲೆ ಬಕೆಟ್ಟಿಗೆ ಒದ್ದಳು. ಸಂಜೆ ಫೋನು, ಕೆಚ್ಚಲು ಕಲ್ಲಾಗೈತೆ ರೀ, ಮುಟ್ಟಕ್ಕೆ ಬಿಡ್ತಿಲ್ಲ, ಬಂದ್ಬಿಡಿ — ಬಂದುಬಿಟ್ಟೆ, ತಾಳಿ ಕಟ್ಟುವ ಮೊದಲೇ ಬಸ್ಸು ಹತ್ತಿದೆ, ಅರಿಶಿನದ ಕೈಯಲ್ಲಿ ನನ್ನ ತೋಳು ಹಿಡಿದು ತಂಗಿ, ಅಣ್ಣಾ, ನನಗಿಂತ ಅಸೂನೇ ಎಚ್ಚಾಯ್ತಾ ನಿನಗೆ, ಆರು ವರ್ಷವಾಯಿತು, ತೋಳಿನ ಆ ಜಾಗ ಇನ್ನೂ ಉರಿಯುತ್ತದೆ. ಮಾರಿಬಿಡು ಅನ್ನುತ್ತಾರೆ ಜನ, ಅವರಿಗೇನು, ಮಾರಿದರೆ ಹೊಸಬರ ಕೈಗೂ ಇಳಿಸುವುದಿಲ್ಲ, ಹಾಲು ಇಳಿಸದ ಹಸುವನ್ನು ಯಾರು ಎಷ್ಟು ದಿನ ಕಟ್ಟಿಕೊಂಡಾರು, ಆಮೇಲೆ ಅದನ್ನು ಎಲ್ಲಿಗೆ ಹೊಡೆಯುತ್ತಾರೆ ಎಂದು ಎಲ್ಲರಿಗೂ ಗೊತ್ತು. ಅವಳ ಮೇಲೆ ನನಗೆ ಪ್ರೀತಿಯೂ ಇದೆ, ಸಾಯುವಷ್ಟು ಸಿಟ್ಟೂ ಇದೆ.

ಬಂತು, ಗೂಡ್ಸು, ಮುಗಿಯುವುದೇ ಇಲ್ಲ ಇದು, ಡಬ್ಬಿಯ ಹಿಂದೆ ಡಬ್ಬಿ. ಗಾಡಿಯ ದುಡ್ಡು ಬಂದದ್ದು ಎಕ್ಸ್‌ಪ್ರೆಸ್ ರಸ್ತೆಗೆ ಹೋದ ನಮ್ಮ ಅರ್ಧ ಎಕರೆಯಿಂದ, ಆ ರಸ್ತೆಯಲ್ಲಿ ಎರಡು ಗಾಲಿಯವಕ್ಕೆ ಬಿಡುವುದಿಲ್ಲವಂತೆ, ನಗಬೇಕೋ ಅಳಬೇಕೋ. ಸಮುದ್ರಕ್ಕೆ ಹಳೇ ರಸ್ತೆಯೇ ಗತಿ, ಬೆಳಗಿನ ಹಾಲು ಹಾಕಿ ಒಂಬತ್ತಕ್ಕೆ ಹೊರಟರೆ, ಐದಕ್ಕೆ ಮನೆ, ಎಂಟು ಗಂಟೆ, ಹೋಗಲು ನಾಲ್ಕು ಬರಲು ನಾಲ್ಕು, ಎಷ್ಟು ಸಲ ಲೆಕ್ಕ ಹಾಕಿದರೂ ಅಷ್ಟೇ, ಸಮುದ್ರದ ಗಾಳಿ ಮೂಗಿಗೆ ಬಡಿಯುವ ಹೊತ್ತಿಗೆ ಗಾಡಿ ತಿರುಗಿಸಬೇಕು. ಟ್ಯಾಂಕು ಸಾಲುತ್ತದೆ, ಸೊಂಟ ಸಾಲುತ್ತದೆ, ಹೊತ್ತು ಸಾಲುವುದಿಲ್ಲ. ಶ್ಯಾಮಲ ಕಿವಿಯ ಹತ್ತಿರ ಬಗ್ಗಿದಳು, ಇಲ್ ಕೇಳಿ, ನೀಲಿದೇ ತಗೊಳ್ಳಣ, ನಿಮ್ ಆಸೇನೂ ತೀರ್ತದೆ, ಕ್ಯಾನೂ ಓಗ್ತವೆ — ಜೋರು ಮಾಡಿದ್ದರೆ ಜಗಳವಾಡುತ್ತಿದ್ದೆ, ಮೆತ್ತಗೆ ಹೇಳಿದಳು, ನನ್ನ ಭುಜ ನೀವುತ್ತಾ, ಆಯ್ತು ಅಂದೆ, ನಾನೇ ಅಂದೆನಾ, ನನ್ನದೇ ಬಾಯಿ. ಕೊನೆಯ ಡಬ್ಬಿ ಹೋಯಿತು, ಗೇಟು ಎದ್ದಿತು, ಬಸ್ಸಿನ ಹಾರನ್ನು, ಏಯ್ ಕೆಂಪ್ ಗಾಡಿ, ತೆಗಿಯಲೇ, ಎಡಗೈ ಕ್ಲಚ್ಚಿನ ಮೇಲಿದೆ, ಬೆರಳು ಹಿಡಿಯುತ್ತಿವೆ, ಬಿಡುತ್ತಿವೆ, ಹಿಡಿ, ಬಿಡು, ಹೆಬ್ಬೆರಳು ತಾನಾಗಿ ಒಳಗೆ ಮಡಚಿಕೊಂಡಿದೆ, ಕ್ಲಚ್ಚು ಹಿಡಿಯುವ ರೀತಿಯಲ್ಲ ಇದು, ತೊಟ್ಟು ಹಿಡಿಯುವ ರೀತಿ, ಗಾಡಿ ಒಮ್ಮೆ ಕುಲುಕಿ ಆಫಾಯಿತು, ಎದುರಿಗೆ ರಸ್ತೆ ಖಾಲಿ, ರೀ, ನಡೀರಿ, ಐದಕ್ಕೆ — ಕತ್ತು ದಾರಿಯ ಕಡೆಗೆ, ತೊಟ್ಟಿನ ತುದಿಯಲ್ಲಿ ಆ ಹನಿ, ಬೀಳದೆ, ಅಲ್ಲೇ ನಿಂತು