ಉಪ್ಪಿನ ಕೋಟೆ, ಎರಡನೇ ಭಾಗ

ನಮ್ಮಲ್ಲಿ ಒಳ್ಳೆಯ ಸುದ್ದಿ ತಂದವನು ಸುದ್ದಿಯನ್ನು ಮೊದಲು ಹೇಳುವುದಿಲ್ಲ. 'ಸುಯುಂಚು!' ಎಂದು ಕೂಗುತ್ತಾನೆ. ಕೇಳಿದವರು ಕೈಗೆ ಸಿಕ್ಕಿದ್ದನ್ನು ಅವನಿಗೆ ಕೊಡಬೇಕು, ಆಮೇಲೆ ಸುದ್ದಿ. ಮಗು ಹುಟ್ಟಿದರೂ ಅಷ್ಟೇ, ಕಳೆದ ಕುದುರೆ ಸಿಕ್ಕಿದರೂ ಅಷ್ಟೇ. ನಾನೂ ನನ್ನಣ್ಣ ಚೊರೊನೂ ಈ ಕೂಗನ್ನು ಆಟಗಳಿಗೆ ಹಚ್ಚಿಬಿಟ್ಟಿದ್ದೆವು. ಕಂಪನಿಗಳು ಹೊಸ ವಿಡಿಯೊ ಗೇಮ್‌ಗಳನ್ನು ಘೋಷಿಸುವ ದಿನ ಇಬ್ಬರೂ ಕ್ಯಾಮೆರಾ ಮುಂದೆ ಕುಳಿತು, ಒಂದೊಂದು ಘೋಷಣೆಗೂ ಗಂಟಲು ಹರಿಯುವಂತೆ 'ಸುಯುಂಚು!' ಎನ್ನುವುದು. ನಾರಿನ್ ಊರಿನ ಇಬ್ಬರು ಹುಚ್ಚರು ಕಿರ್ಗಿಜ್ ಭಾಷೆಯಲ್ಲಿ ಕಿರುಚುವುದನ್ನು ನೋಡಲು ಆರು ನೂರು ಜನ ಬರುತ್ತಿದ್ದರು. ಆಪಾ, ಅಂದರೆ ನಮ್ಮಮ್ಮ, ಬೈಯುತ್ತಿದ್ದಳು: "ಮೂವತ್ತು ದಾಟಿದ ಕತ್ತೆಗಳು! ಶುಭದ ಮಾತನ್ನ ಹಿಂಗೆ ಬೀದಿಗೆ ಎಸೀತೀರಲ್ರೋ, ನಿಮ್ಮ ಬಾಯಿಗಿಷ್ಟು ಮಣ್ಣು ಹಾಕ!" ನಾವು ನಗುತ್ತಿದ್ದೆವು.

ಆ ಫೆಬ್ರವರಿಯ ಗುರುವಾರ ಮಧ್ಯಾಹ್ನ ಮೂರಕ್ಕೆ ಜಪಾನಿನಿಂದ ದೊಡ್ಡ ಕಾರ್ಯಕ್ರಮವಿತ್ತು. 'ಉಪ್ಪಿನ ಕೋಟೆ' ಆಟದ ಎರಡನೇ ಭಾಗ ಬರುತ್ತದೆಂದು ಗುಸುಗುಸು. ಹನ್ನೊಂದು ವರ್ಷದಿಂದ ಕಾದಿದ್ದೆವು. ಮೊದಲ ಭಾಗವನ್ನು ನಾವಿಬ್ಬರೂ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕುಳಿತು ಮುಗಿಸಿದವರು. ಚೊರೊ ಲಾರಿ ಓಡಿಸುತ್ತಾನೆ. ಅಂದು ಕಲ್ಲಿದ್ದಲು ಇಳಿಸಿ, ಘಾಟಿ ದಾಟಿ, ಮೂರರೊಳಗೆ ಮನೆ ಸೇರುತ್ತೇನೆಂದು ಹೊರಟಿದ್ದ.

ಹನ್ನೊಂದು ಗಂಟೆಗೆ ಘಾಟಿಯಲ್ಲಿ ಹಿಮ ಕುಸಿಯಿತು. ಹಿಂದೆ ಬರುತ್ತಿದ್ದ ಲಾರಿಯವನು ಕಣ್ಣಾರೆ ಕಂಡನಂತೆ. ಚೊರೊನ ಲಾರಿ ಇದ್ದ ಕಡೆ ಬರೀ ಬಿಳುಪು. ಅವನು ಆಚೆ ಬದಿಗೆ ಇಳಿದು, ಸಿಗ್ನಲ್ ಸಿಕ್ಕಿ ನಮಗೆ ಫೋನ್ ಮಾಡುವಾಗ ಎರಡು ದಾಟಿತ್ತು. ಹಿಮ ಸರಿಸುವ ಯಂತ್ರ ಕುಸಿತದ ಆಚೆ ಸಿಕ್ಕಿಕೊಂಡಿತ್ತು, ಅದು ಈಚೆ ಬರಲು ಮರುದಿನವಾಗುತ್ತಿತ್ತು. ಆಪಾಳ ತಮ್ಮ ಮುಕಾಶ್ ಬೀದಿಯ ಹದಿನಾಲ್ಕು ಗಂಡಸರನ್ನು ಒಟ್ಟುಮಾಡಿ, ಸಲಿಕೆ, ಕಬ್ಬಿಣದ ಸರಳು, ಹಗ್ಗ ಎಲ್ಲ ಎರಡು ಜೀಪುಗಳಿಗೆ ತುಂಬಿದ. ನಾನೂ ಹತ್ತಲು ಹೋದೆ. ಎದೆಗೆ ಕೈಯಿಟ್ಟು ಕೆಳಗೆ ತಳ್ಳಿದ.

"ನೀ ಬರಬೇಡ ಕುಟ್ಮಾನ್. ಅಕ್ಕನ ಹತ್ರ ಒಬ್ಬ ಗಂಡಸಿರ್ಲಿ. ಫೋನ್ ಬಿಟ್ಟು ಕದಲಬೇಡ, ತಿಳೀತಾ?"

"ಆಯ್ತು ತಾಯ್ಕೆ," ಎಂದೆ. ಸೋದರಮಾವನಿಗೆ ನಾವು ಹಾಗೆನ್ನುವುದು.

ಒಳಗೆ ಆಪಾ ಗೋಡೆಗೊರಗಿ ಕುಳಿತಿದ್ದಳು. ಪಕ್ಕದಲ್ಲಿ ಚೊರೊನ ಹೆಂಡತಿ ಬುರುಲ್. ನನಗೆ ಜೆಂಗೆ, ಅತ್ತಿಗೆ. ನಡುವೆ ಚಾಪೆಯ ಮೇಲೆ ಆಪಾಳ ಫೋನು. ಅದನ್ನು ನೋಡುವುದು, ಬಾಗಿಲು ನೋಡುವುದು. ಆ ಕೋಣೆಯಲ್ಲಿ ನನಗೆ ಉಸಿರು ಕಟ್ಟುತ್ತಿತ್ತು. ಹಿಮದಡಿಯಲ್ಲಿ ಮನುಷ್ಯ ಎಷ್ಟು ಹೊತ್ತು ಉಳಿಯುತ್ತಾನೆ ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಅದೇ ಕಷ್ಟ.

ಮೂರು ಹೊಡೆಯಿತು. ಎದ್ದು ಹಿಂದಿನ ಕೋಣೆಗೆ ಹೋದೆ. ಭಯ ತಡೆಯಲಾರದೆ ಹೋದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಇನ್ನರ್ಧ, ನನಗೆ ನೋಡಬೇಕಿತ್ತು. ಅಣ್ಣ ಹಿಮದಡಿ ಇದ್ದಾಗಲೂ ನೋಡಬೇಕಿತ್ತು. ಇಂಥವನೂ ಒಬ್ಬ ತಮ್ಮ! ಕ್ಯಾಮೆರಾ ಹಾಕಲಿಲ್ಲ. ಸದ್ದು ಹೊರಗೆ ಕೇಳದಿರಲಿ ಎಂದು ಕಿವಿ ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್ ಹಾಕಿಕೊಂಡೆ.

ಮೊದಲು ಏನೇನೋ ಬಂದವು. ಕಾರಿನ ಆಟ, ಮೀನು ಹಿಡಿಯುವ ಆಟ. ಕಣ್ಣು ನೋಡುತ್ತಿತ್ತು, ತಲೆಯೊಳಗೆ ಹೋಗುತ್ತಿರಲಿಲ್ಲ. ಮೂರೂ ಇಪ್ಪತ್ತರ ಹೊತ್ತಿಗೆ ಪರದೆ ಕಪ್ಪಾಯಿತು. ಆ ಕಪ್ಪಿನಲ್ಲಿ ಒಂದು ಬಿಳಿ ಬಾಗಿಲು. ಮೊದಲ ಭಾಗದ ಕೊನೆಯಲ್ಲಿ ನಮ್ಮ ಮುಖಕ್ಕೆ ಬಡಿದುಕೊಂಡಿದ್ದ ಅದೇ ಬಾಗಿಲು! ಅದು ಮೆಲ್ಲಗೆ ತೆರೆಯಿತು.

ಕೂಗಿದ್ದು ನನಗೆ ಗೊತ್ತೇ ಆಗಲಿಲ್ಲ. ಹೆಡ್‌ಫೋನ್ ಹಾಕಿಕೊಂಡವನಿಗೆ ತನ್ನ ದನಿ ಕೇಳಿಸುವುದಿಲ್ಲ. ಗಂಟಲು ಉರಿದಾಗ ತಿಳಿಯಿತು. ಹನ್ನೊಂದು ವರ್ಷದ ಅಭ್ಯಾಸ ತಾನಾಗಿ ಬಾಯಿಗೆ ಬಂದಿತ್ತು. ಮೂರು ಸಲ.

ಹಿಂದಿರುಗಿ ನೋಡಿದರೆ ಬಾಗಿಲಲ್ಲಿ ಆಪಾ. ಎರಡು ಕೈಯಲ್ಲೂ ಕಿವಿಯ ಬೆಳ್ಳಿ ಓಲೆ ಕೀಳುತ್ತಿದ್ದಾಳೆ. ಮುಖದ ತುಂಬ ನೀರು, ಬಾಯಿ ತುಂಬ ನಗು. ಹೆಡ್‌ಫೋನ್ ಕಿತ್ತೆಸೆದೆ.

"ತಗೋ ಮಗನೇ, ತಗೋ! ಮೊದ್ಲು ತಗೋ, ಆಮೇಲೆ ಹೇಳು!" ಓಲೆಗಳನ್ನು ನನ್ನ ಅಂಗೈಗೆ ಒತ್ತಿ, ಬೆರಳು ಮಡಿಸಿ, ಆ ಮುಷ್ಟಿಗೆ ಮುತ್ತಿಟ್ಟಳು. "ಉಸಿರಾಡ್ತಿದ್ದಾನಾ? ಮಾತಾಡಿದನಾ? ಬುರುಲ್, ನೋಡೇ, ಸುಯುಂಚು ಬಂತು ಕಣೇ!"

ಜೆಂಗೆ ಹೊಸ್ತಿಲಲ್ಲೇ ಕುಸಿದು ಕುಳಿತು ಹೋ ಎಂದು ಅತ್ತರು. ಮರುಕ್ಷಣ ಎದ್ದು, ಬರಿಗಾಲಲ್ಲೇ ಬೀದಿಗೆ ಓಡಿದರು. "ಸಿಕ್ಕಿದ್ರು! ನಮ್ಮವ್ರು ಸಿಕ್ಕಿದ್ರು!" ಎನ್ನುವ ಕೂಗು ಮನೆಯಿಂದ ಮನೆಗೆ ಹೋಗುತ್ತಿತ್ತು.

ನಾನು ಬಾಯಿ ತೆರೆದೆ. ಈ ಮುಖಕ್ಕೆ ಹೇಗೆ ಹೇಳಲಿ? ಇನ್ನೊಂದು ನಿಮಿಷ, ಎಂದುಕೊಂಡೆ. ಅಷ್ಟರಲ್ಲಿ ನಿಜವಾಗಿಯೂ ಫೋನ್ ಬಂದುಬಿಟ್ಟರೆ? ಸಿಕ್ಕಿಯೇಬಿಟ್ಟಿದ್ದರೆ? ಹೇಡಿಯ ತಲೆ ಹೀಗೇ ಓಡುವುದು.

ಆಪಾ ಫೋನ್ ಎತ್ತಿ ಕಿವಿಗಿಟ್ಟಿದ್ದಳು. "ಮುಕಾಶ್! ಸಿಕ್ಕಿದನಂತೆ ಕಣೋ! ಹೂಂ, ಈಗ್ಲೇ, ಕುಟ್ಮಾನ್‌ಗೆ ಸುದ್ದಿ ಬಂತು. ಘಾಟಿ ಹತ್ತಬೇಡಿ, ಇನ್ನೂ ಕುಸಿದೀತು. ವಾಪಸ್ ಬನ್ನಿ, ಎಲ್ರೂ ಬನ್ನಿ, ಕುರಿ ಕೊಯ್ಯೋಣ!"

ಆಗ ನನಗೆ ನಿಜವಾದ ಹೆದರಿಕೆ ಹತ್ತಿತು. ಅದುವರೆಗಿನದು ಏನೂ ಅಲ್ಲ. ಚೊರೊನನ್ನು ಅಗೆದು ತೆಗೆಯಲು ಭೂಮಿಯ ಮೇಲೆ ಇದ್ದದ್ದು ಆ ಹದಿನಾಲ್ಕು ಜನ. ಅವರು ತಿರುಗಿ ಬರುತ್ತಿದ್ದಾರೆ. ಆಪಾಳ ಕೈಯಿಂದ ಫೋನ್ ಕಿತ್ತುಕೊಂಡೆ. ಮಾವ ಇಟ್ಟಾಗಿತ್ತು. ಮತ್ತೆ ಒತ್ತಿದೆ, ಬೇರೆಯವರೊಂದಿಗೆ ಮಾತಾಡುತ್ತಿದ್ದ. ಇನ್ನೊಮ್ಮೆ. ಮತ್ತೊಮ್ಮೆ. ಊರಿಗೆ ಊರೇ ಅವನಿಗೆ ಫೋನ್ ಮಾಡುತ್ತಿತ್ತು.

"ಏನಾಯ್ತೋ? ಯಾಕೋ ಫೋನ್ ಕಿತ್ಕೊಂಡೆ?" ಎಂದಳು ಆಪಾ.

"ಆಪಾ, ಅವನು ಸಿಕ್ಕಿಲ್ಲ."

ಅವಳು ಇನ್ನೂ ನಗುತ್ತಲೇ ಇದ್ದಳು. ಮುಖಕ್ಕೆ ಮಾತು ತಲುಪಿರಲಿಲ್ಲ.

"ಯಾರೂ ಫೋನ್ ಮಾಡ್ಲಿಲ್ಲ. ನಾನು ಕೂಗಿದ್ದು ಆಟಕ್ಕೆ. ಆಟದ ಸುದ್ದಿ ಬಂತು, ಬಾಯಿ ತಪ್ಪಿ ಕೂಗಿಬಿಟ್ಟೆ."

ಹೊಡೆಯುತ್ತಾಳೆಂದು ಕಾದೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಪರದೆಯನ್ನು ನೋಡಿದಳು. ಅಲ್ಲಿ ಇನ್ನಾವುದೋ ಆಟ ಕುಣಿಯುತ್ತಿತ್ತು. ಓಲೆಗಳನ್ನು ಅವಳತ್ತ ಚಾಚಿದೆ. ಹಾವು ಕಂಡವಳಂತೆ ಹಿಂದೆ ಸರಿದಳು.

"ನಂಗೆ ಕೊಡಬೇಡ! ಅದು ಅವನ ಜೀವಕ್ಕೆ ಅಂತ ಕೊಟ್ಟಿದ್ದು. ವಾಪಸ್ ತಗೊಂಡ್ರೆ ಏನಾಗುತ್ತೋ! ಓಡು, ಅವ್ರನ್ನ ತಿರುಗಿಸು. ಬುರುಲ್‌ಗೆ ನಾ ಹೇಳ್ತೀನಿ."

ಪಕ್ಕದ ಮನೆಯವರ ಹಳೇ ಕಾರು ತೆಗೆದುಕೊಂಡು ಹೊರಟೆ. ಬೀದಿಯುದ್ದಕ್ಕೂ ಜನ ಕೈಬೀಸಿ ಹರಸುತ್ತಿದ್ದರು. ಒಬ್ಬ ಮುದುಕಿ ಕಾರಿನ ಮೇಲೆ ಮಿಠಾಯಿ ಎರಚಿದಳು. ತಲೆ ತಗ್ಗಿಸಿ ಓಡಿಸಿದೆ. ರಸ್ತೆ ಹಿಮಗಟ್ಟಿ ಜಾರುತ್ತಿತ್ತು. ದಾರಿಯುದ್ದಕ್ಕೂ ಮಾವನಿಗೆ ಫೋನ್ ಹಚ್ಚುತ್ತಲೇ ಇದ್ದೆ, ಸಿಗಲೇ ಇಲ್ಲ.

ಅರ್ಧ ಗಂಟೆಯ ಮೇಲೆ ಎದುರಿಗೆ ಎರಡು ಜೀಪುಗಳು ಕಂಡವು. ಹಾರ್ನ್ ಹೊಡೆಯುತ್ತ, ಕಿಟಕಿಗಳಿಂದ ಟೋಪಿ ಬೀಸುತ್ತ, ಮದುವೆ ದಿಬ್ಬಣದಂತೆ ಬರುತ್ತಿದ್ದವು. ಕಾರನ್ನು ಅಡ್ಡ ನಿಲ್ಲಿಸಿ ರಸ್ತೆ ನಡುವೆ ನಿಂತೆ. ಮುಕಾಶ್ ಮಾವ ಹಾರಿಳಿದು ಬಂದು ನನ್ನನ್ನು ಎತ್ತಿಯೇಬಿಟ್ಟ.

"ಎಲ್ಲೋ ಅವನು? ಆಸ್ಪತ್ರೇಲಾ? ನಡ್ಕೊಂಡೇ ಬಂದನಾ ಕಳ್ಳ?"

"ಸಿಕ್ಕಿಲ್ಲ ತಾಯ್ಕೆ."

"ಏನಂದೆ?"

"ಸಿಕ್ಕಿಲ್ಲ. ತಪ್ಪಾಯ್ತು. ನಾನು ಆಟ ನೋಡ್ತಾ ಕೂಗಿದ್ದನ್ನ ಆಪಾ ನಂಬಿಬಿಟ್ಳು. ತಿರುಗಿಸಿ, ನಿಮ್ಮ ಕಾಲಿಗೆ ಬೀಳ್ತೀನಿ, ಗಾಡಿ ತಿರುಗಿಸಿ!"

ಮಾವನ ಕೈ ಸಡಿಲಾಯಿತು. ಜೀಪುಗಳೊಳಗಿನ ನಗು ಒಂದೊಂದಾಗಿ ನಿಂತಿತು. ಹದಿನಾಲ್ಕು ಜನ ನನ್ನನ್ನು ನೋಡಿದರು. ಅವರಲ್ಲಿ ಒಬ್ಬ ಪಕ್ಕಕ್ಕೆ ಉಗುಳಿದ.

"ಜೀಪು ಹತ್ತು," ಎಂದ ಮಾವ. "ನಿನ್ನ ಆಮೇಲೆ ನೋಡ್ಕೋತೀನಿ."

ಘಾಟಿಯಲ್ಲಿ ಯಾರೂ ನನ್ನೊಂದಿಗೆ ಮಾತಾಡಲಿಲ್ಲ. ಸಾಲಾಗಿ ನಿಂತು ಹಿಮಕ್ಕೆ ಸರಳು ಚುಚ್ಚುವುದು, ಎರಡು ಹೆಜ್ಜೆ ಮುಂದೆ, ಮತ್ತೆ ಚುಚ್ಚುವುದು. ಬೆಳಕು ಸರಿಯುತ್ತಿತ್ತು. ಇಲ್ಲಿ ಒಂದು ಗಂಟೆ ಮೊದಲೇ ಇವರೆಲ್ಲ ಇರಬೇಕಿತ್ತು, ಒಂದು ಗಂಟೆ ಮೊದಲೇ. ತಲೆಯಲ್ಲಿ ಅದೊಂದೇ ಮಾತು. ಬೆಟ್ಟದ ನೆರಳು ನಮ್ಮ ಮೇಲೆ ಬಿದ್ದ ಹೊತ್ತಿಗೆ ಯಾರದೋ ಸರಳಿಗೆ ಲೋಹ ತಾಗಿತು.

ಚೊರೊ ಬದುಕಿದ್ದ. ಲಾರಿಯ ಮುಂಭಾಗದೊಳಗೆ ಗಾಳಿ ಉಳಿದಿತ್ತು. ಒಡೆದ ಕಿಟಕಿಯಿಂದ ಬಲಗೈ ಹೊರಚಾಚಿ, ನಜ್ಜಾದ ಬಾಗಿಲಿಗೆ ಸಿಕ್ಕಿಕೊಂಡು, ಅಷ್ಟು ಹೊತ್ತೂ ಹಿಮದಲ್ಲೇ ಇತ್ತು. ಅವನ ಮುಖ ಕಂಡವನೊಬ್ಬ 'ಸುಯುಂಚು' ಎಂದು ಕೂಗಲು ಬಾಯಿ ತೆರೆದ. ನನ್ನನ್ನು ನೋಡಿ ಮುಚ್ಚಿಕೊಂಡ. ಮಾವ ಕೆಳಗಿಳಿದ ಮೇಲೆ ಆಪಾಗೆ ಫೋನ್ ಮಾಡಿ "ಸಿಕ್ಕಿದ ಅಕ್ಕಾ" ಎಂದರೆ ಅವಳು ನಂಬಲಿಲ್ಲ. "ಅವನ ಕೈಲೇ ಮಾತಾಡ್ಸು," ಎಂದಳಂತೆ.

ಆಸ್ಪತ್ರೆಯಲ್ಲಿ ಬಲಗೈಯ ಮೂರು ಬೆರಳು ತೆಗೆದರು. ಡಾಕ್ಟರಮ್ಮನನ್ನು ಮೊಗಸಾಲೆಯಲ್ಲಿ ಅಡ್ಡಗಟ್ಟಿ, ಒಂದು ಗಂಟೆ ಮುಂಚೆ ತಂದಿದ್ದರೆ, ಎಂದು ಕೇಳಿದೆ. "ಉಳೀತಿತ್ತೇನೋ, ಇಲ್ವೇನೋ. ಅದನ್ನ ಯಾರು ಹೇಳ್ತಾರೆ?" ಎಂದು ನಡೆದುಬಿಟ್ಟರು.

ನಾಲ್ಕು ದಿನ ನಾನು ಅವನ ಕೋಣೆಗೆ ಹೋಗಲಿಲ್ಲ. ಔಷಧಿ ತರುವುದು, ಸೂಪು ತರುವುದು, ಬಾಗಿಲಲ್ಲಿ ಕೊಟ್ಟು ಓಡುವುದು. ಬೆರಳಿನ ವಿಷಯವಾಗಲೀ ನನ್ನ ಕೂಗಿನ ವಿಷಯವಾಗಲೀ ಅವನಿಗಿನ್ನೂ ಹೇಳಿರಲಿಲ್ಲ. ಮೈಯಲ್ಲಿ ಬಲ ಬರುವವರೆಗೆ ಕೆಟ್ಟ ಸುದ್ದಿ ಯಾವುದೂ ಅವನ ಕಿವಿಗೆ ಬೀಳಕೂಡದೆಂದು ಆಪಾಳ ಕಟ್ಟಪ್ಪಣೆ. ಐದನೆಯ ದಿನ ಅವನೇ ಒಳಗಿನಿಂದ ಕರೆದ.

"ಏ ಕುಟ್ಮಾನ್, ಬಾರೋ ಒಳಗೆ! ಹೊಸ ಮದುವಣಗಿತ್ತಿ ಥರ ಬಾಗಿಲ ಸಂದೀಲಿ ಏನು ನಿಲ್ತೀಯ?"

ಹೋದೆ. ಆಪಾ ಅವನಿಗೆ ಸೂಪು ಕುಡಿಸುತ್ತಿದ್ದಳು. ಬಲಗೈ ಬಟ್ಟೆ ಸುತ್ತಿ ತಲೆದಿಂಬಿನಷ್ಟಾಗಿತ್ತು.

"ಆವತ್ತು ಲಾರಿ ಒಳಗೆ ನಿದ್ದೆ ಎಳೀತಿತ್ತು ಕಣೋ," ಎಂದ. "ನಿದ್ದೆ ಹೋದ್ರೆ ಸತ್ತೆ ಅಂತ ಗೊತ್ತಿತ್ತು. ಗಡಿಯಾರ ನೋಡಿದೆ, ಮೂರಾಗಿತ್ತು. ಈಗ ಶುರುವಾಗಿರುತ್ತೆ ಅಂದ್ಕೊಂಡೆ. ಒಂದೊಂದೇ ಆಟ ನೆನೆಸ್ಕೊಂಡು ನಿನ್ನ ಜೊತೆ ಕೂತಿದ್ದೀನಿ ಅಂತ ಕೂಗ್ತಾ ಇದ್ದೆ. ಸುಯುಂಚು, ಸುಯುಂಚು ಅಂತ. ಅದೇ ನನ್ನ ಉಳಿಸಿದ್ದು ನೋಡು. ಹೇಳೋ ಈಗ, ಉಪ್ಪಿನ ಕೋಟೆ ಬಂತಾ?"

ಆಪಾಳ ಚಮಚ ಗಾಳಿಯಲ್ಲೇ ನಿಂತಿತು. ಅವಳು ನನ್ನತ್ತ ನೋಡಲಿಲ್ಲ.

"ಇಲ್ಲ ಬಾಯ್ಕೆ," ಎಂದೆ. ಅಣ್ಣನನ್ನು ನಾನು ಹಾಗೆ ಕರೆಯುವುದು. "ಏನೂ ಹೇಳ್ಲಿಲ್ಲ."

"ಥೂ, ದರಿದ್ರದವ್ರು!" ಎಂದು ನಕ್ಕ. "ಹೋಗ್ಲಿ ಬಿಡು, ಮುಖ ಯಾಕೆ ಹಂಗೆ ಮಾಡ್ತೀಯ? ಮುಂದಿನ ವರ್ಷ ಬಂದೇ ಬರುತ್ತೆ. ಅಷ್ಟೊತ್ತಿಗೆ ಈ ಕೈನೂ ಸರಿಹೋಗಿರುತ್ತೆ."