ನಾಲ್ಕನೆಯ ಹಸಿರು ಸಾಲು

ನಾನೊಂದು ತಗಡಿನ ಬೋರ್ಡು. ಆರು ಅಡಿ ಅಗಲ, ಮೂರು ಅಡಿ ಎತ್ತರ. ಗೋಡೆಯ ಮೇಲೆ ನಾಲ್ಕು ಜನ ಓದಲಿ ಎಂದು ಹುಟ್ಟಿದವನು, ಈಗ ಒಬ್ಬ ಹೆಂಗಸಿನ ಬಚ್ಚಲಿಗೆ ಬಾಗಿಲಾಗಿ ಎದ್ದು ನಿಂತಿದ್ದೇನೆ. ಅಕ್ಷರಗಳೆಲ್ಲ ಅಡ್ಡಡ್ಡ ಮಲಗಿವೆ. ಹಾಗಂತ ನನ್ನನ್ನು ನೋಡಿ ಅಯ್ಯೋ ಅನ್ನಬೇಡಿ. ನನಗಿಂತ ಹೆಚ್ಚು ಮೋಸ ಹೋದವರು ಈ ಮನೆಯಲ್ಲೇ ಇದ್ದಾರೆ.

ಗದಗಿನ ಕಡೆಯ ಒಂದು ತಾಲೂಕು ಊರಲ್ಲಿ, ಬಸ್ ಸ್ಟ್ಯಾಂಡಿನ ಹಿಂದೆ ಬೇವಿನ ನೆರಳಿನಲ್ಲಿ ಕೂತು ಬರೆಯುತ್ತಿದ್ದ ಮೌಲಾಲಿ ಪೇಂಟರನ ಕೈಯಲ್ಲಿ ನನ್ನ ಜನ್ಮವಾಯಿತು. ಎಡಕ್ಕೆ ಹಸಿರು ಬಣ್ಣದಲ್ಲಿ ‘ರೋಗಿಯ ಹಕ್ಕುಗಳು’, ಒಂಬತ್ತು ಸಾಲು. ಬಲಕ್ಕೆ ಕೆಂಪು ಬಣ್ಣದಲ್ಲಿ ‘ರೋಗಿಯ ಜವಾಬ್ದಾರಿಗಳು’, ಏಳು ಸಾಲು. ಅಕ್ಷರದ ತಲೆಕಟ್ಟಿನ ತುದಿಯನ್ನು ಮೀಸೆ ತಿರುವಿದ ಹಾಗೆ ಮೇಲಕ್ಕೆ ತಿರುವುವುದು ಮೌಲಾಲಿಯ ಚಟ. ಊರಿನ ಅರ್ಧ ಅಂಗಡಿಗಳು ಆ ಮೀಸೆ ಹೊತ್ತುಕೊಂಡೇ ನಿಂತಿದ್ದವು.

ಬರೆಯುತ್ತ ಬರೆಯುತ್ತ ಅವನ ಕುಂಚ ನಿಂತಿತು. ಬೋರ್ಡು ಬರೆಸಲು ಬಂದಿದ್ದ ಆಸ್ಪತ್ರೆಯ ಮ್ಯಾನೇಜರ್ ಸವಡಿಯವರನ್ನು ಕೇಳಿದ: “ಇಷ್ಟೆಲ್ಲಾ ಹಕ್ಕು ನಮಗ ಅದಾವೇನ್ರೀ?”

“ನೀ ಬರಿಯೋ ಮಾರಾಯಾ. ಶುಕ್ರವಾರ ಇನ್ಸ್‌ಪೆಕ್ಷನ್ ಐತಿ.”

ಈ ಮಾತಿನಲ್ಲೇ ನನ್ನ ಜಾತಕವೆಲ್ಲ ಇತ್ತು. ಎಳೆಯ ತಗಡು, ನನಗೆ ತಿಳಿಯಲಿಲ್ಲ.

ಆ ಖಾಸಗಿ ಆಸ್ಪತ್ರೆಯಲ್ಲಿ ಕೌಂಟರಿನ ಎದುರಿನ ಗೋಡೆಗೆ ನನ್ನನ್ನು ಮೊಳೆ ಹೊಡೆದು ಕೂರಿಸಿದರು. ಶುಕ್ರವಾರ ಬಂದವರು ನನ್ನ ಫೋಟೋ ತೆಗೆದುಕೊಂಡು, ಚಹಾ ಕುಡಿದು ಹೋದರು. ಒಬ್ಬರೂ ಓದಲಿಲ್ಲ. ಓದಿದವಳು ಒಬ್ಬಳೇ, ಅದೂ ಓದಲು ಬಾರದವಳು.

ಅವಳು ಫಕೀರವ್ವ. ಆಸ್ಪತ್ರೆಯ ನೆಲ ಒರೆಸುವ ಆಯಾ, ನಲವತ್ತರ ಹತ್ತಿರದವಳು. ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ನನ್ನ ಮುಖ ಒರೆಸುವಾಗ ಒಂದೊಂದು ಅಕ್ಷರದ ಮೇಲೂ ಬೆರಳಾಡಿಸುತ್ತಿದ್ದಳು. ಕೌಂಟರಿನ ಅನ್ನಪೂರ್ಣಾ ಒಳ್ಳೆಯ ಹುಡುಗಿ, ಮಧ್ಯಾಹ್ನ ಜನ ಕಡಿಮೆಯಾದಾಗ ಇದು ರ, ಇದು ಗ ಎಂದು ಹೇಳಿಕೊಟ್ಟಳು. ಫಕೀರವ್ವನಿಗೆ ತನ್ನ ಹೆಸರಿನ ಮೊದಲ ಅಕ್ಷರ ಬೇಕಿತ್ತು. ಎಷ್ಟು ಹುಡುಕಿದರೂ ಅದು ನನ್ನ ಮೈಮೇಲೆ ಒಂದೇ ಕಡೆ ಸಿಕ್ಕಿತು, ನಾಲ್ಕನೆಯ ಹಸಿರು ಸಾಲಿನಲ್ಲಿ. ‘ಒಪ್ಪಿಗೆ ಫಾರಂನಲ್ಲಿ ಇರುವುದನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ, ಆಮೇಲೆಯೇ ಸಹಿ ಪಡೆಯತಕ್ಕದ್ದು.’ ಆ ಸಾಲು ಅವಳಿಗೆ ಬಾಯಿಪಾಠವಾಗಿ ಹೋಯಿತು. ಒಂದು ವರ್ಷದೊಳಗೆ ಉಳಿದ ಹದಿನೈದೂ ಬಂದವು. ಬರೆಯುವುದನ್ನೂ ಕಲಿತಳು, ಮೀಸೆ ಸಮೇತ. ಬೇರೆ ತಲೆಕಟ್ಟು ಅವಳು ನೋಡಿರಲೇ ಇಲ್ಲವಲ್ಲ!

ಅಷ್ಟರಲ್ಲಿ ಫೈಲು ಇಡಲು ಕಬ್ಬಿಣದ ಕಪಾಟು ಬಂತು. ಎಲ್ಲಿ ಇಡುವುದು? ತಂದು ನನ್ನ ಹಸಿರು ಭಾಗದ ಮುಂದೆಯೇ ನಿಲ್ಲಿಸಿದರು. ಅಂದಿನಿಂದ ಲೋಕಕ್ಕೆ ಕಾಣುತ್ತಿದ್ದದ್ದು ನನ್ನ ಕೆಂಪು ಮುಖ ಮಾತ್ರ. ‘ಗದ್ದಲ ಮಾಡಬಾರದು’, ‘ಕಾಯಿಲೆಯ ವಿಷಯ ಮುಚ್ಚಿಡಬಾರದು’, ‘ವೈದ್ಯರ ಸೂಚನೆ ಪಾಲಿಸಬೇಕು’. ಯಾರಾದರೂ ದನಿ ಎತ್ತಿದರೆ ಸವಡಿಯವರು ಪೆನ್ನಿನಿಂದ ನನ್ನನ್ನು ತೋರಿಸುತ್ತಿದ್ದರು. ನಾನು ಅವರ ಕೈಯ ಕೋಲಾದೆ. ಫಕೀರವ್ವ ಮಾತ್ರ ದಿನಾ ಕಪಾಟಿನ ಸಂದಿಯಲ್ಲಿ ಕೈ ತೂರಿಸಿ ನನ್ನ ಹಸಿರನ್ನು ಒರೆಸುತ್ತಿದ್ದಳು.

ಒಂದು ದಿನ ಅವಳು ತಂಗಿ ರೇಣವ್ವನನ್ನು ಕರೆದುಕೊಂಡು ಬಂದಳು. ಇಪ್ಪತ್ತೆಂಟರ ಹೆಣ್ಣುಮಗಳು, ಕಿಬ್ಬೊಟ್ಟೆಯ ನೋವಿನಿಂದ ಬಗ್ಗಿ ನಡೆಯುತ್ತಿದ್ದಳು. ನಾಲ್ಕು ವರ್ಷದ ಮಗಳಿದ್ದಳು, ಇನ್ನೊಂದು ಮಗುವಿಗೆ ಊರಿನ ದೇವರಿಗೆಲ್ಲ ಹರಕೆ ಹೊತ್ತಿದ್ದಳು. ಗಂಡ ಗೋವಾದಲ್ಲಿ ಕಟ್ಟಡದ ಕೆಲಸದಲ್ಲಿದ್ದ. “ಸರಕಾರಿ ದವಾಖಾನಿಗೆ ಯಾಕ ಹೋಗ್ತಿ? ಇದು ನಮ್ಮ ದವಾಖಾನಿ,” ಎಂದು ಫಕೀರವ್ವನೇ ಒತ್ತಾಯ ಮಾಡಿದ್ದಳು. ನನ್ನ ಮುಂದಿನ ಬೆಂಚಿನಲ್ಲಿ ತಂಗಿಯನ್ನು ಕೂರಿಸಿ, ಕೆಂಪು ಸಾಲುಗಳನ್ನು ಪಿಸುಗುಟ್ಟಿ ಓದಿ ಹೇಳಿದಳು. “ಡಾಕ್ಟರ್ ಮುಂದ ಏನೂ ಮುಚ್ಚಿಡಬ್ಯಾಡ. ಎಲ್ಲಾ ಹೇಳಬೇಕು.” ರೇಣವ್ವ ಎಲ್ಲಾ ಹೇಳಿದಳು. ಹೇಳಿದ ಗುಳಿಗೆ ನುಂಗಿದಳು, ಹೇಳಿದಂತೆ ಉಪವಾಸ ಇದ್ದಳು, ಸೊಲ್ಲೆತ್ತಲಿಲ್ಲ. ನನ್ನ ಏಳು ಕೆಂಪು ಸಾಲುಗಳನ್ನು ಅವಳಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನು ನೋಡಿಲ್ಲ.

ಆಪರೇಶನ್ ದಿನ ಬೆಳಿಗ್ಗೆ ಸವಡಿಯವರು ಒಂದು ಫಾರಂ ತಂದರು. ತುಂಬ ಇಂಗ್ಲಿಷು. “ಇಲ್ಲಿ ಹೆಬ್ಬೆಟ್ಟು. ಫಕೀರವ್ವಾ, ಸಾಕ್ಷಿಗೆ ನೀ ಸಹಿ ಮಾಡು.”

ಫಕೀರವ್ವ ಕಪಾಟಿನ ಕಡೆ ನೋಡಿದಳು. ಅದರ ಹಿಂದೆ ನನ್ನ ನಾಲ್ಕನೆಯ ಸಾಲಿತ್ತು. ಕೇಳು ತಾಯಿ, ಕೇಳು, ಅದಕ್ಕೇ ನಾನಿದ್ದೇನೆ ಎಂದು ಕೂಗಬೇಕೆನಿಸಿತು.

ಅವಳು ಕೇಳಿದಳು ಕೂಡ. “ಸಾಹೇಬ್ರ, ಇದರಾಗ ಏನ್ ಬರದೈತಿ ಅಂತ ಒಂಚೂರು ನಮ್ಮ ಭಾಷಾದಾಗ ಹೇಳ್ರಿ.”

ಸವಡಿಯವರು ನಕ್ಕರು. “ಏನವ್ವಾ, ಬೋರ್ಡ್ ಓದಿ ವಕೀಲ ಆದೇನು? ಹನ್ನೊಂದು ವರ್ಷ ಆತು ನೀ ಇಲ್ಲಿ ಬಂದು. ನಮ್ಮ ಮ್ಯಾಲ ನಂಬಿಕಿ ಇಲ್ಲ? ಒಂದು ಗಡ್ಡಿ ಐತಿ, ತಗೀತಾರ. ಅಷ್ಟ.”

ಸುತ್ತ ನಿಂತಿದ್ದ ನರ್ಸುಗಳೂ ನಕ್ಕರು. ಫಕೀರವ್ವನ ಮುಖ ಕೆಂಪಾಯಿತು. ಹೊರಗಿನವಳಾಗಿದ್ದರೆ ಮತ್ತೊಮ್ಮೆ ಕೇಳುತ್ತಿದ್ದಳೇನೋ. ಮನೆಯವಳು ಅನ್ನಿಸಿಕೊಂಡ ಮೇಲೆ ಕೇಳುವುದು ಹೇಗೆ?

ರೇಣವ್ವನ ಹೆಬ್ಬೆರಳು ಮಸಿ ಹತ್ತಿ ಗಾಳಿಯಲ್ಲಿ ನಿಂತಿತ್ತು. ಅವಳು ಸಾಹೇಬರನ್ನು ನೋಡಲಿಲ್ಲ, ಅಕ್ಕನನ್ನು ನೋಡಿದಳು. “ಅಕ್ಕಾ, ಒತ್ತಲೇನು?”

“ಒತ್ತವ್ವಾ. ನಮ್ಮವ್ರ ಅದಾರ.”

ಹೆಬ್ಬೆಟ್ಟು ಬಿತ್ತು. ಅದರ ಕೆಳಗೆ ಫಕೀರವ್ವ ತನ್ನ ಜೀವಮಾನದ ಮೊದಲ ಸಹಿ ಹಾಕಿದಳು. ಮೆಲ್ಲಗೆ, ನಾಲಿಗೆ ಕಚ್ಚಿಕೊಂಡು, ಒಂದೊಂದು ತಲೆಕಟ್ಟಿಗೂ ಮೀಸೆ ತಿರುವಿ. ಕೆಲಸ ಮುಗಿದ ಮೇಲೆ ಅದನ್ನು ನೋಡಿ ಒಂದು ಗಳಿಗೆ ಹಿಗ್ಗಿದ್ದೂ ಉಂಟು.

ಆಪರೇಶನ್ ಚೆನ್ನಾಗಿ ಆಯಿತು ಅಂದರು. ಎರಡು ಮೂರು ತಿಂಗಳು ಮುಟ್ಟು ಏರುಪೇರಾಗುತ್ತದೆ, ಗಾಬರಿ ಬೇಡ ಅಂದರು. ನಡುವೆ ಗಂಡ ಬಂದು ಹದಿನೈದು ದಿನ ಇದ್ದು ಹೋದ. ನಾಲ್ಕನೆಯ ತಿಂಗಳೂ ಮುಟ್ಟು ಕಾಣದಿದ್ದಾಗ ರೇಣವ್ವ ಕುಣಿದಾಡಿಬಿಟ್ಟಳು. ಫಕೀರವ್ವ ಪೇಢೆಯ ಪೊಟ್ಟಣ ಹಿಡಿದು ಆಸ್ಪತ್ರೆಗೆ ಬಂದು, ನನ್ನೆದುರಿಗೆ ನಿಂತು ಎಲ್ಲರಿಗೂ ಹಂಚಿದಳು. “ನಮ್ಮ ರೇಣವ್ವ ಬಸುರದಾಳ್ರೀ. ನಿಮ್ಮ ಕೈಗುಣ!”

ಸವಡಿಯವರು ಪೇಢೆ ತೆಗೆದುಕೊಂಡರು. ಬಾಯಿಗೆ ಹಾಕಿಕೊಂಡರು. ಆ ಫಾರಂ ತುಂಬಿ ಕಪಾಟಿಗೆ ಸೇರಿಸಿದ್ದು ಅವರೇ. “ಚಲೋ ಆತು ಬಿಡು,” ಎಂದು ಕೈ ಒರೆಸಿಕೊಂಡರು. ನನಗೆ ನಿಜ ತಿಳಿದದ್ದು ಆಮೇಲೆ. ಆ ಮನುಷ್ಯನಿಗೆ ಪೇಢೆ ಗಂಟಲಲ್ಲಿ ಇಳಿದದ್ದಾದರೂ ಹೇಗೆ?

ಎಂಟು ದಿನಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಎರಡೆರಡು ಸಲ ನೋಡಿ, “ನಿನಗ ಗರ್ಭಕೋಶನ ಇಲ್ಲಲ್ಲವ್ವಾ, ಯಾರೂ ಹೇಳಿಲ್ಲೇನು?” ಎಂದರಂತೆ.

ಮರುದಿನ ಫಕೀರವ್ವ ಬಂದವಳೇ ಕಪಾಟಿಗೆ ಭುಜ ಕೊಟ್ಟು ಒತ್ತಿದಳು. ಅದು ನೆಲ ಕೆರೆಯುತ್ತ ಪಕ್ಕಕ್ಕೆ ಸರಿಯಿತು. ಎಷ್ಟೋ ದಿನಗಳ ಮೇಲೆ ನನ್ನ ಹಸಿರಿಗೆ ಬೆಳಕು ಬಿತ್ತು. “ಏಳನೇ ಸಾಲು ನೋಡ್ರಿ! ಕಾಗದ ಪತ್ರ ಕೇಳಿದ್ರ ಕೊಡಬೇಕು ಅಂತ ನೀವ ಬರಸೀರಿ. ಕೊಡ್ರಿ! ನನ್ನ ತಂಗಿಗೆ ಏನ್ ಮಾಡೀರಿ ಹೇಳ್ರಿ!” ಬೆಂಚಿನ ಜನ ಎದ್ದು ನಿಂತರು. ಡಾಕ್ಟರು ಬಾಗಿಲು ಸರಿಸಿ ನೋಡಿ ಮತ್ತೆ ಒಳಗೆ ಹೋದರು.

ಸವಡಿಯವರು ಸಿಟ್ಟಾಗಲಿಲ್ಲ. ಅದೇ ಕಪಾಟಿನಿಂದ ಫಾರಂ ತೆಗೆದು ಜನರೆದುರು ಹಿಡಿದರು. “ಗರ್ಭಕೋಶ ತಗೀತೀವಿ ಅಂತ ಇದರಾಗ ಬರದೈತಿ. ಎಲ್ಲಾ ತಿಳಿಸಿ ಹೇಳ್ಯಾರ ಅಂತನೂ ಬರದೈತಿ. ಕೆಳಗ ಇದು ಯಾರ ಸಹಿ? ಹೆಬ್ಬೆಟ್ಟಲ್ಲ, ಸಹಿ. ಓದಾಕ ಬರೂ ಸಾಕ್ಷಿ ನೀನ.”

ನಾನೂ ಗೋಡೆಯಿಂದ ಆ ಕಾಗದವನ್ನು ನೋಡಿದೆ. ಮೀಸೆ ತಿರುವಿದ ತಲೆಕಟ್ಟು. ನನ್ನದೇ ಅಕ್ಷರ. ನಾನು ಕಲಿಸಿದ ಅಕ್ಷರವೇ ಅವಳ ಬಾಯಿಗೆ ಬೀಗ ಹಾಕಿತು. ಫಕೀರವ್ವ ಪೊರಕೆಯನ್ನು ಮೂಲೆಗಿಟ್ಟು ಹೊರಟು ಹೋದಳು.

ಮುಂದಿನ ಇನ್ಸ್‌ಪೆಕ್ಷನ್ನಿಗೆ ಹೊಳೆಯುವ ಹೊಸ ಬೋರ್ಡು ಬಂತು. ನಾನು ಗುಜರಿ ಅಂಗಡಿಯಲ್ಲಿ ಬಿದ್ದೆ. ಅಲ್ಲಿ ನನ್ನ ಗುರುತು ಹಿಡಿದವಳು ಫಕೀರವ್ವ. ಬಚ್ಚಲಿಗೆ ಬಾಗಿಲು ಬೇಕಿತ್ತು ಅಂದಳು. ಅಕ್ಷರ ಒಳಗೆ ಬರುವ ಹಾಗೆ ನನ್ನನ್ನು ನಿಲ್ಲಿಸಿದಳು. ಹೊರಗಿನವರಿಗೆ ಕಾಣಬಾರದಲ್ಲ. ಬಿಸಿನೀರು ಚಿಮ್ಮಿ ಚಿಮ್ಮಿ, ಕೆಳಗೆ ಬಂದಿದ್ದ ಕೆಂಪು ಭಾಗ ಅಳಿಸಿಹೋಯಿತು. ಮೇಲಿನ ಹಸಿರು ಹಾಗೇ ಉಳಿಯಿತು. ರೇಣವ್ವ ಅಕ್ಕನ ಮನೆಯ ಹೊಸ್ತಿಲು ತುಳಿದು ಮೂರು ವರ್ಷವಾಗಿತ್ತು. ಮಾತಿಲ್ಲ, ಕತೆಯಿಲ್ಲ. ಗಂಡ ಗೋವಾದಿಂದ ಬರುವುದು ನಿಂತುಹೋಗಿತ್ತು ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು.

ಅಕ್ಕ ತಂಗಿಯರ ಅವ್ವ ತೀರಿಕೊಂಡಾಗ ಅವಳು ಬರಲೇಬೇಕಾಯಿತು. ಮಣ್ಣು ಮಾಡಿ ಬಂದು ರೇಣವ್ವ ಬಚ್ಚಲಿಗೆ ಹೋದಳು. ಸ್ನಾನ ಮುಗಿಸಿ, ಒದ್ದೆ ಸೀರೆಯಲ್ಲಿ ನನ್ನನ್ನೇ ದಿಟ್ಟಿಸುತ್ತ ನಿಂತಳು. ಗೋಡೆಯ ಮೇಲಿದ್ದಾಗ ಅವಳು ನೋಡಿದ್ದು ನನ್ನ ಕೆಂಪನ್ನು ಮಾತ್ರ.

“ಅಕ್ಕಾ, ಇದರ ಮ್ಯಾಲ ಏನ್ ಬರದೈತಿ?”

ಮೂರು ವರ್ಷಗಳಲ್ಲಿ ಅದು ಮೊದಲ ಮಾತು. ಫಕೀರವ್ವ ಓಡಿ ಬಂದಳು. “ಈಗ್ಯಾಕವ್ವಾ ಅದು?”

“ಓದು.”

ಫಕೀರವ್ವ ಕುತ್ತಿಗೆ ಓರೆ ಮಾಡಿ ಓದತೊಡಗಿದಳು. ಒಂದು, ಎರಡು, ಮೂರು. ಅಲ್ಲಿಗೆ ನಿಲ್ಲಿಸಿದಳು.

“ಮುಂದ?”

ನಾಲ್ಕನೆಯದನ್ನು ಅವಳು ನನ್ನನ್ನು ನೋಡದೆಯೇ ಹೇಳಿದಳು, ಕಣ್ಣು ನೆಲದ ಮೇಲಿತ್ತು. ರೇಣವ್ವ ಒದ್ದೆ ಸೆರಗು ಹಿಂಡಿದಳು.

“ಇದು ನಿನಗ ಅವತ್ತ ಗೊತ್ತಿತ್ತೇನಕ್ಕಾ?”

“ಗೊತ್ತಿತ್ತು.”

ರೇಣವ್ವ ನನ್ನನ್ನು ಸರಿಸಿ ಹೊರಗೆ ಹೋದಳು. ಮೂರನೆಯ ದಿನದ ಕಾರ್ಯಕ್ಕೂ ನಿಲ್ಲದೆ ಅದೇ ಒದ್ದೆ ಸೀರೆಯಲ್ಲಿ ಬಸ್ಸು ಹತ್ತಿದಳಂತೆ.

ನನ್ನನ್ನು ಓದಲೆಂದೇ ಬರೆದಿದ್ದರು. ನನ್ನ ಹಸಿರನ್ನು ಒಬ್ಬ ರೋಗಿಗೆ ಓದಿ ಹೇಳಿದ್ದು ಅದೊಂದೇ ಸಲ. ಫಕೀರವ್ವ ಈಗಲೂ ಸ್ನಾನ ಮಾಡುವಾಗ ನನಗೆ ಬೆನ್ನು ಹಾಕಿಯೇ ಕೂರುತ್ತಾಳೆ.