ತಾಳೆಯಾಗದ ಒಂದು ಸಾವು

ಸೊನ್ನೆಯ ಪಕ್ಕದಲ್ಲಿ ಒಂದು, ಕಂಪ್ಯೂಟರ್ ಲೆಕ್ಕ ಹಾಕಿದ್ದು ಸೊನ್ನೆ, ನಿಜವಾಗಿ ಸತ್ತದ್ದು ಒಂದು, ಕಣ್ಣು ಅಲ್ಲಿಂದ ಕೆಳಗಿಳಿಯುತ್ತಿಲ್ಲ — ಬೆಳಗಿನಿಂದ ಅವಳು ಮದ್ದಿನ ಕಾರ್ಖಾನೆಗಳ ಹಳೆಯ ಸ್ಫೋಟಗಳನ್ನೆಲ್ಲ ಒಂದೊಂದಾಗಿ ಈ ಹೊಸ ಲೆಕ್ಕಕ್ಕೆ ಉಣಿಸುತ್ತ ಬಂದಿದ್ದಾಳೆ, ಸಿಡಿಮದ್ದು ಎಷ್ಟಿತ್ತು, ಜನ ಎಷ್ಟು ದೂರದಲ್ಲಿದ್ದರು, ಲೆಕ್ಕದ ಪ್ರಕಾರ ಎಷ್ಟು ಮಂದಿ ಸಾಯಬೇಕಿತ್ತು, ಎಷ್ಟು ಮಂದಿ ಸತ್ತರು, ಎರಡೂ ತಾಳೆಯಾದರೆ ಮುಂದೆ ಕಟ್ಟುವ ಕಾರ್ಖಾನೆಗಳಲ್ಲಿ ಇದನ್ನೇ ನಂಬಿ ಗೋಡೆ ಎಬ್ಬಿಸುತ್ತಾರೆ — ಎಲ್ಲ ತಾಳೆಯಾಗಿವೆ, ಇದೊಂದು ಬಿಟ್ಟು, ಪ್ಯಾಕಿಂಗ್ ಶೆಡ್ಡು, ಹೆಂಗಸು, ಒಬ್ಬಳು. ಪಕ್ಕದ ಮೇಜಿನವನು ಕತ್ತು ಚಾಚಿ ನೋಡುತ್ತಾನೆ, ಇದ್ಯಾಕೋ ಹಠ ಮಾಡ್ತಿದೆಯಲ್ಲ ಮೇಡಂ, ಹಳೇ ಕೇಸು, ಯಾರೋ ತಪ್ಪು ಬರ್ದಿರ್ತಾರೆ, ಕಿತ್ತಾಕಿ ಅತ್ಲಾಗೆ. ಕಿತ್ತುಹಾಕುವುದು. ಅಕ್ಕನನ್ನು. ಇವನಿಗೆ ಗೊತ್ತಿಲ್ಲ, ಕಚೇರಿಯಲ್ಲಿ ಯಾರಿಗೂ ಹೇಳಿಲ್ಲ, ಹೇಳಿದರೆ ಅಯ್ಯೋ ಪಾಪ ಎಂದು ಟೀ ತಂದಿಡುತ್ತಾರೆ — ಆ ಶೆಡ್ಡಿನ ಗೋಡೆ ಬಿರುಕು ಬಿಟ್ಟಿತ್ತು ಅಷ್ಟೆ, ಲೆಕ್ಕ ಹೇಳುವುದು ಸರಿಯೇ, ಅಲ್ಲೇ ಕೂತಿದ್ದರೆ ಅಕ್ಕ ಸಾಯುತ್ತಿರಲಿಲ್ಲ. ಕೂರಲಿಲ್ಲ. ಮದ್ದು ಬೆರೆಸುವ ಕೋಣೆಯಿಂದ ಹೊಗೆ ಎದ್ದು ಗಂಟೆ ಬಾರಿಸಿದಾಗ ಎಲ್ಲರೂ ಗೇಟಿನತ್ತ, ಅಕ್ಕ ಕೋಣೆಯತ್ತ, ನಮ್ಮನೆಯವ್ರು ಒಳಗಿದಾರೆ ಬಿಡ್ರೇ ಬಿಡ್ರೇ ಎಂದು ಹಿಡಿದವರ ಕೈಯಿಂದ ಕೊಸರಿಕೊಂಡು — ಭಾವ ಒಳಗಿರಲಿಲ್ಲ. ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ್ದರು, ಕಳೆದುಹೋದ ಒಂದು ಛತ್ರಿಗಾಗಿ ಬೆಳಿಗ್ಗೆ ಅಕ್ಕನೊಂದಿಗೆ ಮಾತಿಗೆ ಮಾತು ಬೆಳೆದು, ಮುನಿಸಿಕೊಂಡು, ಹೇಳದೆಯೇ ಹೋಗಿದ್ದರು, ಸದ್ದು ಕೇಳಿ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಓಡಿಬಂದು ಹೆಸರು ಕೂಗಲಾರದೆ — ಇವತ್ತಿಗೂ ಅದೇ ಮಾತು, ಹೇಳ್ಹೋಗಿದ್ರೆ ನಂದೇನ್ ಗಂಟು ಹೋಗ್ತಿತ್ತಮ್ಮ. ಕಿತ್ತುಹಾಕಿದರೆ ಅಕ್ಕ ಸತ್ತೇ ಇಲ್ಲ, ಹಾಗೇ ಬಿಟ್ಟರೆ ಸುಳ್ಳು, ಸುಳ್ಳಿನ ಮೇಲೆ ಇನ್ಯಾರದೋ ಗೋಡೆ — ಶೆಡ್ಡು ಎಂಬುದನ್ನು ಅಳಿಸುತ್ತಾಳೆ, ಕೋಣೆಯ ಬಾಗಿಲು ಎಂದು ಬರೆಯುತ್ತಾಳೆ, ತಿದ್ದಿದ್ದು ಯಾರ ಮಾತಿನ ಮೇಲೆ ಎಂದು ಕೇಳುವಲ್ಲಿ, ಕಂಡವರ ಮಾತು, ತಿಳಿಸಿದ್ದು ಸತ್ತವಳ ತಂಗಿ, ಪಕ್ಕದವನು ಓದಿ, ಎದ್ದು ಟೀ ತರಲು ಹೋಗುತ್ತಾನೆ. ಒಂದಕ್ಕೆ ಒಂದು, ತಾಳೆಯಾಯಿತು. ದೂರ ಎಷ್ಟು ಎಂದು ಕೇಳುತ್ತದೆ ಈ ಲೆಕ್ಕ, ಮದ್ದು ಎಷ್ಟು ಎಂದು ಕೇಳುತ್ತದೆ, ಯಾಕೆ ಅತ್ತಲೇ ಓಡಿದಳು ಎಂದು ಕೇಳುವುದಿಲ್ಲ — ಕಿಡಿ ಹಾರೀತೆಂದು ಕಬ್ಬಿಣ ಒಳಗೆ ಬಿಡದೆ ಗೇಟಿನಲ್ಲೇ ಹೇರ್‌ಪಿನ್ನುಗಳನ್ನೆಲ್ಲ ತೆಗೆಸುತ್ತಿದ್ದರಂತೆ, ಬರೀ ದಾರದ ಗಂಟು, ಓಡುವಾಗ ಬಿಚ್ಚಿಹೋಯಿತಂತೆ, ನಮಗೆ ಕಂಡಿದ್ದು ಅಷ್ಟೇ ಕಣಮ್ಮ ಅಂದರು ಜೊತೆಯವರು, ಬೆನ್ನ ತುಂಬ ಕೂದಲು, ಹೊಗೆಯೊಳಕ್ಕೆ, ಬೆನ್ನ ತುಂಬ ಕೂದಲು